ಗಾಜು ತಿರುಗಿಸದವನು

ಪೆಟ್ಟಿಗೆ ಹೊರುವ ಕೆಲಸ ಸೊಣ್ಣಪ್ಪನ ಪಾಲಿಗೆ ಬಂತು. ಹೊರು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಟ್ರೈನಿಂಗ್ ಶಾಲೆಯವರು ಮೊದಲ ಸಲ ಹಳ್ಳಿಗೆ ಹೊರಟ ದಿನ, ಬಟ್ಟೆಯ ಮೇಲೆ ಚಿತ್ರ ಬಿಡುವ ಮ್ಯಾಜಿಕ್ ಲಾಂದ್ರದ ತಗಡಿನ ಪೆಟ್ಟಿಗೆ ಅಂಗಳದಲ್ಲಿತ್ತು. ಮೇಷ್ಟ್ರಾಗಲು ಕಲಿಯುತ್ತಿದ್ದ ಹುಡುಗರೆಲ್ಲ ಅದರ ಸುತ್ತ ನಿಂತಿದ್ದರು. ಎಲ್ಲರೂ ಅವನ ಮುಖ ನೋಡಿದರು. ಅವನು ಬಗ್ಗಿದ. ಎತ್ತಿ ತಲೆಯ ಮೇಲಿಟ್ಟುಕೊಂಡ. ಅಲ್ಲಿಗೆ ಮುಗಿಯಿತು.

ಯುದ್ಧ ಮುಗಿದ ಮರುವರ್ಷ ಅದು. ಸೀಮೆಎಣ್ಣೆಗೆ ಇನ್ನೂ ರೇಷನ್ನಿತ್ತು. ಕೃಷ್ಣಗಿರಿ ಸೀಮೆಯ ಆ ಶಾಲೆಯಲ್ಲಿ ತಮಿಳು ಹುಡುಗರೇ ಹೆಚ್ಚು. ಹೊಸೂರು, ತಳಿ ಕಡೆಯಿಂದ ಬಂದ ಕನ್ನಡದವರು ನಾಕಾರು ಮಂದಿ. ಹೊಲಗೇರಿಯಿಂದ ಬಂದವನು ಸೊಣ್ಣಪ್ಪ ಒಬ್ಬನೇ. ಸರ್ಕಾರ ಅವನಿಗೆ ಸೀಟು ಕೊಟ್ಟಿತ್ತು. ಶಾಲೆ ಜಾಗ ಕೊಟ್ಟಿರಲಿಲ್ಲ. ಮಲಗುವುದು ಸೌದೆ ಕೊಟ್ಟಿಗೆಯಲ್ಲಿ. ಉಣ್ಣುವುದು ಅದರ ಹಿಂದೆ, ತನ್ನದೇ ತಟ್ಟೆಯಲ್ಲಿ. ಪಾಠದ ಹೊತ್ತಿಗೆ ಬಾಗಿಲ ಪಕ್ಕದ ನೆಲ.

ಪೆಟ್ಟಿಗೆಯೊಳಗೆ ಲಾಂದ್ರ, ಹಿತ್ತಾಳೆ ಕೊಳವೆಯ ಲೆನ್ಸು, ದಪ್ಪ ಬತ್ತಿಯ ದೀಪ, ಗಾಜಿನ ಸ್ಲೈಡುಗಳ ಕಟ್ಟು ಇರುತ್ತಿದ್ದವು. ಹೊತ್ತು ನಡೆದರೆ ಕತ್ತು ಎದೆಯೊಳಕ್ಕೆ ಇಳಿದಂತಾಗುತ್ತಿತ್ತು. ಎಡವುವಂತಿಲ್ಲ. ಗಾಜು ಒಡೆದರೆ ಹೊಸದು ಮದರಾಸಿನಿಂದಲೇ ಬರಬೇಕು. ಸೊಣ್ಣಪ್ಪ ಕಾಲ್ದಾರಿಯ ಕಲ್ಲುಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ಹೆಜ್ಜೆ ಇಡುತ್ತಿದ್ದ. ಊರು ಮುಟ್ಟಿದ ಮೇಲೆ ಪೆಟ್ಟಿಗೆ ಇಳಿಸಿ ದೂರ ಹೋಗಿ ಕೂರುತ್ತಿದ್ದ. ಲಾಂದ್ರವನ್ನು ತೆಗೆಯುವುದು, ಬತ್ತಿ ಹಚ್ಚುವುದು, ಗಾಜು ತೂರಿಸುವುದು ಉಳಿದವರ ಕೆಲಸ.

ಲಾಂದ್ರದ ಪಾಠ ಹೇಳುತ್ತಿದ್ದವರು ರಾಮಕೃಷ್ಣಪ್ಪ ಮೇಷ್ಟ್ರು. ಕೆಲಮಂಗಲದ ಕಡೆಯವರು. ಖಾದಿ ಉಡುತ್ತಿದ್ದರು. ಚಿತ್ರ ಬರೆಯುವುದನ್ನೂ ಕಲಿಸುತ್ತಿದ್ದರು. "ಕರೀ ಹಲಗೆ ಕಾಲ ಮುಗೀತು ಕಣ್ರಯ್ಯ. ಇನ್ಮೇಲೆ ಬೆಳಕಿನಲ್ಲಿ ಪಾಠ ಹೇಳೋ ಕಾಲ. ಲಾಂದ್ರ ಬಂತು, ರೇಡಿಯೋ ಬರ್ತದೆ, ನಾಳೆ ಸಿನಿಮಾ ಯಂತ್ರಾನೂ ಸ್ಕೂಲಿಗೆ ಬರ್ತದೆ. ಇದು ಗೊತ್ತಿಲ್ಲದವನು ಮೇಷ್ಟ್ರಲ್ಲ" ಎನ್ನುತ್ತಿದ್ದರು. ಲಾಂದ್ರದಲ್ಲಿ ಒಂದು ಮಾದರಿ ಪಾಠ ಮಾಡಿ ತೋರಿಸಿದವನಿಗೇ ಸರ್ಟಿಫಿಕೇಟು ಎಂದು ಆ ವರ್ಷ ನಿಯಮವೂ ಆಗಿತ್ತು.

ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ ಪಾಠ ನಡೆಸುತ್ತಿದ್ದಾಗ ದೀಪದ ಬತ್ತಿ ಹೊಗೆ ಕಕ್ಕಿತು. ಲಾಂದ್ರದ ಒಳಗೆಲ್ಲ ಉರಿ. ಹುಡುಗರು ಹಿಂದೆ ಸರಿದರು. ಬಾಗಿಲ ಪಕ್ಕದಿಂದ ಸೊಣ್ಣಪ್ಪ ಎದ್ದು ಬಂದ. ತಗಡಿನ ಬಾಗಿಲು ತೆಗೆದು, ಕೈ ತೂರಿಸಿ, ಬತ್ತಿ ಇಳಿಸಿದ. ಬೆರಳ ತುದಿಯ ಚರ್ಮ ಬಿಳುಪಾಗಿ ಎದ್ದಿತು. ಮೇಷ್ಟ್ರು ಅವನನ್ನೇ ನೋಡಿದರು.

"ಇನ್ಮೇಲೆ ದೀಪದ ಹತ್ತಿರ ನೀನೇ ನಿಲ್ಲು."

ಹಾಗೆ ಅವನಿಗೆ ಲಾಂದ್ರ ಸಿಕ್ಕಿತು. ಬೆಂಕಿಯ ಪಕ್ಕ ಯಾರಿಗೂ ಬೇಡವಾಗಿದ್ದ ಜಾಗ ಅದು. ಅವನು ಮುಟ್ಟಿದ ಹಿತ್ತಾಳೆ ಕೊಳವೆಯನ್ನು ಉಳಿದವರು ಒದ್ದೆ ಬಟ್ಟೆಯಲ್ಲಿ ಒರೆಸಿ ಮುಟ್ಟುತ್ತಿದ್ದರು. ಅವನು ತಲೆಯ ಮೇಲೆ ಹೊತ್ತು ತಂದ ಪೆಟ್ಟಿಗೆಯನ್ನು ಮಾತ್ರ ಯಾರೂ ಒರೆಸುತ್ತಿರಲಿಲ್ಲ.

ಅವನು ಕಲಿತ. ಗಾಜನ್ನು ತಲೆಕೆಳಗಾಗಿ ತೂರಿಸಬೇಕು. ಲೆನ್ಸು ಅದನ್ನು ನೆಟ್ಟಗೆ ಮಾಡಿ ಬಟ್ಟೆಯ ಮೇಲೆ ಬಿಡುತ್ತದೆ. ಗಾಜಿನ ಯಾವ ಮಗ್ಗುಲು ದೀಪದ ಕಡೆ ಇರಬೇಕು ಎನ್ನುವುದಕ್ಕೆ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ. ಮಗ್ಗುಲು ತಪ್ಪಿದರೆ ಚಿತ್ರಕ್ಕೆ ಅಂಥ ಕೇಡಿಲ್ಲ, ಎಡಗೈ ಬಲಗೈ ಅದಲುಬದಲಾಗುತ್ತದೆ ಅಷ್ಟೆ. ಅಕ್ಷರ ಮಾತ್ರ ಹಿಂದುಮುಂದಾಗುತ್ತದೆ. ಓದಲು ಬರುವುದಿಲ್ಲ.

ಮದರಾಸಿನಿಂದ ಬಂದ ಗಾಜುಗಳ ಮೇಲೆ ತಮಿಳು ಇತ್ತು, ಇಂಗ್ಲಿಷ್ ಇತ್ತು. ಕನ್ನಡ ಇರಲಿಲ್ಲ. ಹೊಸೂರು ಕಡೆಯ ಹಳ್ಳಿಗಳಿಗೆ ಹೋದರೆ ಜನ ಚಿತ್ರ ನೋಡಿ ಎದ್ದುಹೋಗುತ್ತಿದ್ದರು. ಕನ್ನಡದ ಗಾಜು ನೀನೇ ಮಾಡು ಎಂದು ಮೇಷ್ಟ್ರು ಸೊಣ್ಣಪ್ಪನಿಗೆ ಹೇಳಿದರು. ಅವನ ಅಕ್ಷರ ಚೆನ್ನಾಗಿತ್ತು. ಸೌದೆ ಕೊಟ್ಟಿಗೆಯಲ್ಲಿ ಕೂತು ಕಿಟಕಿಯ ಒಡೆದ ಗಾಜಿನ ಚೂರುಗಳನ್ನು ಉಜ್ಜಿ ಅಳತೆಗೆ ತಂದ. ಬುಡ್ಡಿದೀಪದ ಮೇಲೆ ಹಿಡಿದು ಮಸಿ ಕೂರಿಸಿದ. ಜಾಲಿ ಮುಳ್ಳಿನಿಂದ ಆ ಮಸಿಯಲ್ಲಿ ಅಕ್ಷರ ಗೀಚಿದ. ಮೇಲೆ ಇನ್ನೊಂದು ಗಾಜು ಮುಚ್ಚಿ ಅಂಚಿಗೆ ಕಾಗದ ಅಂಟಿಸಿ, ಮೂಲೆಯಲ್ಲಿ ಬಿಳಿ ಚುಕ್ಕೆ ಇಟ್ಟ. ಗೋಡೆಗೆ ಬೆಳಕು ಬಿಟ್ಟಾಗ ಕತ್ತಲೆಯ ನಡುವೆ ಆಳೆತ್ತರದ ಬಿಳಿ ಅಕ್ಷರ ಎದ್ದು ನಿಂತಿತು. ನೀರು. ಸೊಣ್ಣಪ್ಪ ಅದರ ಮುಂದೆ ಸುಮ್ಮನೆ ನಿಂತುಬಿಟ್ಟ. ತಾನು ಗೀಚಿದ್ದು ಅಷ್ಟು ದೊಡ್ಡದಾಗಿ ನಿಲ್ಲಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ರಜಕ್ಕೆ ಊರಿಗೆ ಹೋದಾಗ ಅದನ್ನು ತಾಯಿ ಬೈರಮ್ಮನಿಗೆ ಹೇಳಿದ. ಊರು ಬಸವನಕುಂಟೆ, ತಳಿಗೆ ಹೋಗುವ ದಾರಿಯಲ್ಲಿ. ಬೈರಮ್ಮ ಗಂಡನಿಲ್ಲದವಳು. ಗಂಡ ಕಾಲರಾದಲ್ಲಿ ಹೋಗಿದ್ದ. ಪಟೇಲ ತಿಮ್ಮರಾಯಪ್ಪನ ಹಟ್ಟಿಯಲ್ಲಿ ಸಗಣಿ ಬಾಚಿ, ಹೊಲದಲ್ಲಿ ಕಳೆ ಕಿತ್ತು, ಗೊಬ್ಬರದ ಮಂಕರಿ ಹೊತ್ತು ಮಗನನ್ನು ಓದಿಸಿದ್ದಳು.

"ಅಷ್ಟ್ ದೊಡ್ಡ ಅಕ್ಸರಾನಾ?" ಎಂದಳು.

"ನಿನ್ನಷ್ಟುದ್ದ ಕಣವ್ವ."

"ನಂಗೆ ತೋರ್ಸು ಮತ್ತೆ."

ತೋರಿಸಲು ಲಾಂದ್ರ ಇರಲಿಲ್ಲ. ಇದ್ದಲು ತೆಗೆದುಕೊಂಡು ಗುಡಿಸಲಿನ ಗೋಡೆಯ ಮೇಲೆ ಬರೆದ. ನೀರು. ಅವಳು ಬೆರಳಿಟ್ಟು ತಿದ್ದಿದಳು. ಸಂಜೆ ಕೇರಿಯ ಇನ್ನಷ್ಟು ಜನ ಬಂದು ಕೂತರು. ಅವನ ಸೋದರಮಾವ ಚಿನ್ನಪ್ಪನೂ ಬಂದ. ಕೂಲಿ ಮುಗಿಸಿ ಬಂದವರು, ಕೈಯಲ್ಲಿ ಇನ್ನೂ ಮಣ್ಣು. ರಜ ಮುಗಿಯುವ ಹೊತ್ತಿಗೆ ಬೈರಮ್ಮ ಕೆಲವು ಮಾತುಗಳನ್ನು ಗುರುತು ಹಿಡಿಯುತ್ತಿದ್ದಳು. ಅವ್ವ. ರಾಗಿ. ನೀರು. ಸಗಣಿ ಬಾಚುವಾಗ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಪಟೇಲನ ಹೆಂಡತಿ ಕೇಳಿ, "ಏನೇ, ಮಂತ್ರ ಹೇಳ್ತೀಯೇನೇ?" ಎಂದು ನಕ್ಕಿದ್ದಳು.

ಮಾದರಿ ಪಾಠದ ಹಳ್ಳಿಗಳನ್ನು ಗೊತ್ತು ಮಾಡಿದಾಗ ಸೊಣ್ಣಪ್ಪನ ಸರದಿ ಬಸವನಕುಂಟೆಗೇ ಬಂತು. ಪರೀಕ್ಷೆಗೆ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರು ಬರುವವರಿದ್ದರು. ವಿಷಯ ಕಾಲರಾ ಮತ್ತು ಕುಡಿಯುವ ನೀರು. ಸೊಣ್ಣಪ್ಪನಿಗೆ ಹೆದರಿಕೆಗಿಂತ ಸಂತೋಷ ಹೆಚ್ಚಾಯಿತು. ಅವ್ವ ನೋಡುತ್ತಾಳೆ. ಪೆಟ್ಟಿಗೆ ತಲೆಯ ಮೇಲೆ ಹಗುರವಾದ ಹಾಗಿತ್ತು ಆ ದಿನ.

ಚಾವಡಿಯ ಮುಂದೆ ಪಟೇಲ ತಿಮ್ಮರಾಯಪ್ಪ ಕಾದಿದ್ದ. ಇನ್ಸ್‌ಪೆಕ್ಟರಿಗೆ ಕುರ್ಚಿ, ಎಳನೀರು. ರಾಮಕೃಷ್ಣಪ್ಪ ಮೇಷ್ಟ್ರು ಲಾಂದ್ರ ಎಲ್ಲಿ ಇಡಬೇಕೆಂದು ಜಾಗ ನೋಡುತ್ತಿದ್ದಾಗ ಪಟೇಲ ಅವರನ್ನು ಪಕ್ಕಕ್ಕೆ ಕರೆದ. ಆದರೂ ದನಿ ತಗ್ಗಿಸಲಿಲ್ಲ.

"ಸರ್ಕಾರದ ಪಾಠ, ಬ್ಯಾಡ ಅನ್ನಕಿಲ್ಲ ಮೇಷ್ಟ್ರೇ. ಆದ್ರೆ ಆ ಬೈರಿ ಮಗ ನಮ್ಮ ಹೆಂಗಸ್ರು ಮಕ್ಳ ಮಧ್ಯೆ ನಿಂತ್ಕೊಂಡು ಲಾಂದ್ರ ತಿರುಗ್ಸದು ಆಗಕಿಲ್ಲ. ಬೇರೆ ಯಾರಾದ್ರೂ ಮಾಡ್ಲಿ."

"ಇವತ್ತು ಅವನ ಪರೀಕ್ಷೆ ಪಟೇಲ್ರೇ. ಅವನೇ ಮಾಡ್ಬೇಕು."

"ಹಂಗಾದ್ರೆ ಅವ್ನ ಕೇರಿಗೋಗಿ ಮಾಡ್ಕೊಳ್ಳಿ. ನಾವ್ಯಾರೂ ಬರಕಿಲ್ಲ."

ಇನ್ಸ್‌ಪೆಕ್ಟರು ಎಳನೀರು ಕುಡಿಯುತ್ತ ಬೇರೆ ಕಡೆ ನೋಡಿದರು. ಮೇಷ್ಟ್ರು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. ಅವರಿಗೆ ಉಪಾಯ ಹೊಳೆದಿತ್ತು.

ಊರಿಗೂ ಕೇರಿಗೂ ನಡುವೆ ತಿಪ್ಪೆಗಳ ಸಾಲಿತ್ತು. ಅಲ್ಲಿನ ಎರಡು ಹೊಂಗೆ ಮರಗಳ ನಡುವೆ ಬಿಳೀ ಬಟ್ಟೆ ಕಟ್ಟುವುದು. ಊರಿನವರು ಚಾವಡಿಯ ಕಡೆ ಕೂರುವುದು. ಕೇರಿಯವರು ಬಟ್ಟೆಯ ಹಿಂದೆ, ತಿಪ್ಪೆಯ ಕಡೆ. ಲಾಂದ್ರವನ್ನೂ ಸೊಣ್ಣಪ್ಪನನ್ನೂ ಅದೇ ಕಡೆ ನಿಲ್ಲಿಸುವುದು. ಬಟ್ಟೆಯನ್ನು ಚೆನ್ನಾಗಿ ನೆನೆಸಿದರೆ ಬೆಳಕು ತೂರಿ ಬಂದು ಊರಿನವರಿಗೂ ಸೊಗಸಾಗಿ ಕಾಣುತ್ತದೆ. ಅಕ್ಷರ ಊರಿನವರಿಗೆ ಸರಿಯಾಗಿ ಕಾಣುವಂತೆ ಗಾಜಿನ ಮಗ್ಗುಲು ತಿರುಗಿಸಿ ಹಾಕಿದರಾಯಿತು.

"ಬೆಳಕಿಗೆ ಮೈಲಿಗೆ ಇಲ್ಲ ಪಟೇಲ್ರೇ. ಎರಡೂ ಕಡೆ ಬೀಳ್ತದೆ" ಎಂದು ಮೇಷ್ಟ್ರು ನಕ್ಕರು.

"ಅವ್ನ ದನಿ?" ಎಂದ ಪಟೇಲ.

"ದನಿ ಕೇಳ್ಬೇಕಲ್ಲ, ಪಾಠ ಅಲ್ವೇ."

"ಕೇಳ್ಲಿ ಬುಡಿ."

ಸೊಣ್ಣಪ್ಪ ಮೇಷ್ಟ್ರ ಹತ್ತಿರ ಹೋದ. "ಸಾರ್, ನಮ್ಮೋರ ಕಡೆಗೆ ಅಕ್ಷರ ಹಿಂದುಮುಂದಾಗ್ತದೆ."

"ಅವರಿಗೆ ಓದೋಕೆ ಎಲ್ಲಿ ಬರ್ತದಪ್ಪ? ಚಿತ್ರ ಕಾಣ್ತದೆ, ಸಾಕು."

"ನಮ್ಮವ್ವಂಗೆ ಒಂದೆರಡು ಮಾತು ಬರ್ತದೆ ಸಾರ್."

ಮೇಷ್ಟ್ರು ಅವನ ತೋಳು ಮುಟ್ಟಲು ಕೈ ಎತ್ತಿದರು, ಪಟೇಲ ನೋಡುತ್ತಿದ್ದುದನ್ನು ಕಂಡು ಇಳಿಸಿದರು. "ಇವತ್ತೊಂದು ದಿನ ಹೊಂದ್ಕೊ. ಸರ್ಟಿಫಿಕೇಟು ಕೈಗೆ ಬರಲಿ. ಆಮೇಲೆ ನಿನ್ನ ಕೇರೀಲಿ ನೀನು ಹೆಂಗೆ ಬೇಕಾದ್ರೂ ಹಾಕು."

ದೀಪ ಹಚ್ಚುವ ಹೊತ್ತಾಯಿತು. ಪಟೇಲನ ಮನೆಯ ಎರಡು ಪಂಚೆಗಳನ್ನು ಸೇರಿಸಿ ಹೊಲಿದ ಬಟ್ಟೆ ಹೊಂಗೆ ಮರಗಳ ನಡುವೆ ಎದ್ದಿತು. ಊರಿನ ಆಳುಗಳು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ತಂದು ಅದಕ್ಕೆ ಎರಚಿದರು. ಆ ಬಾವಿಯ ಕಟ್ಟೆಯನ್ನು ಕೇರಿಯವರು ಹತ್ತಿದ್ದಿಲ್ಲ. ಎಮ್ಮೆ ಮೀಯುವ ಕುಂಟೆಯೇ ಅವರಿಗೆ ಬಾವಿ. ಬಟ್ಟೆ ನೀರು ಕುಡಿದು ಭಾರವಾಗಿ ಕೆಳಗಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ತಿಪ್ಪೆಯ ಕಡೆ ಕೂತಿದ್ದ ಮುದುಕಿಯೊಬ್ಬಳು ಅಂಗೈ ಒಡ್ಡಿದಳು. ನಾಲಗೆಗೆ ತಾಗಿಸಿಕೊಂಡಳು.

"ತಣ್ಣಗೈತೆ ಕಣ್ರೇ. ಕೆಸರು ವಾಸ್ನೆ ಇಲ್ಲ."

ಇನ್ನೂ ನಾಲ್ಕು ಕೈಗಳು ಚಾಚಿದವು. ಸೊಣ್ಣಪ್ಪ ಬತ್ತಿ ಹಚ್ಚುತ್ತಿದ್ದ. ನೋಡಿದ.

ಪಾಠ ಶುರುವಾಯಿತು. ಮೊದಲು ನೊಣದ ಚಿತ್ರ. ಎಮ್ಮೆಯಷ್ಟು ದೊಡ್ಡ ನೊಣ. ಎರಡೂ ಕಡೆ ಜನ ಹೋ ಎಂದರು. ಆಮೇಲೆ ಕಾಲರಾ ಬಂದ ಮನೆಯ ಚಿತ್ರ. ಆಮೇಲೆ ಒಲೆಯ ಮೇಲೆ ಕುದಿಯುವ ಪಾತ್ರೆ. ಸೊಣ್ಣಪ್ಪ ದನಿ ಎತ್ತಿ ಪಾಠ ಹೇಳಿದ. ಕುಡಿಯುವ ನೀರನ್ನು ಕಟ್ಟೆ ಇರುವ ಬಾವಿಯಿಂದಲೇ ಸೇದಬೇಕು ಎಂದ. ದನ ಇಳಿಯುವ ನೀರನ್ನು ಕುಡಿದರೆ ಕಾಲರಾ ಬರುತ್ತದೆ ಎಂದ. ಬಟ್ಟೆಯ ಆ ಕಡೆ ಯಾರೋ "ಭೇಷ್" ಎಂದರು. ಈ ಕಡೆಯವರು ಅವನ ಮುಖ ನೋಡಿದರು. ಚಿನ್ನಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ.

ಬೈರಮ್ಮ ಮುಂದಿನ ಸಾಲಿನಲ್ಲೇ ಇದ್ದಳು. ತೊಳೆದ ಸೀರೆ ಉಟ್ಟಿದ್ದಳು. ಚಿತ್ರಕ್ಕಿಂತ ಹೆಚ್ಚಾಗಿ ಮಗನ ಕೈಗಳನ್ನೇ ನೋಡುತ್ತಿದ್ದಳು.

ಅಕ್ಷರದ ಗಾಜು ಬಂತು. ಮೇಷ್ಟ್ರು ಹೇಳಿದ ಹಾಗೆ ಸೊಣ್ಣಪ್ಪ ಮಗ್ಗುಲು ತಿರುಗಿಸಿ ತೂರಿಸಿದ. ಬಟ್ಟೆಯ ಆ ಕಡೆ ಶಾಲೆಯ ಮಕ್ಕಳು ಒಂದೇ ದನಿಯಲ್ಲಿ ಓದಿದರು. "ನೀ...ರು!"

ಬೈರಮ್ಮ ಎದ್ದು ನಿಂತಳು. ಬೆರಳು ಎತ್ತಿ ಗಾಳಿಯಲ್ಲೇ ತಿದ್ದಲು ನೋಡಿದಳು. ಬೆರಳು ಅರ್ಧಕ್ಕೆ ನಿಂತಿತು. ಮತ್ತೆ ಎತ್ತಿದಳು. ಮತ್ತೆ ನಿಂತಿತು. ಬಟ್ಟೆ ತೆಳ್ಳಗಿತ್ತು, ಅವಳ ನೆರಳು ಆ ಕಡೆಗೆ ಕಾಣುತ್ತಿತ್ತು.

"ಯಾವಳ್ಲಾ ಅವ್ಳು ಕೈ ಆಡ್ಸೋಳು?" ಎಂದು ಆ ಕಡೆಯಿಂದ ಒಬ್ಬ ಕೂಗಿದ.

"ಬೈರಿ ಕಣ್ಲಾ. ಓದಕ್ಕೆ ನಿಂತವ್ಳೆ!"

"ಸಗಣಿ ಓದೇ ಬೈರೀ!"

ನಗು ಎದ್ದಿತು. ಹೆಂಗಸರ ನಗು, ಮಕ್ಕಳ ನಗು, ಕುರ್ಚಿಯ ಕಡೆಯಿಂದಲೂ ಒಂದು ನಗು. ಬೈರಮ್ಮ ಬಟ್ಟೆ ನೋಡಿದಳು, ಮಗನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾಚಿಕೆ ಇತ್ತು.

"ಮರ್ತೋಗ್ಬುಟ್ಟೈತೆ ಕಣ್ಮಗ" ಎಂದಳು ಮೆಲ್ಲಗೆ. "ನೀನು ಅಷ್ಟ್ ಹೇಳ್ಕೊಟ್ಟೆ. ನನ್ ತಲೇಲಿ ನಿಲ್ಲಲಿಲ್ಲ."

ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡಳು.

ಸೊಣ್ಣಪ್ಪನ ಕೈ ಲಾಂದ್ರದ ಮೇಲಿತ್ತು. ತಗಡು ಸುಡುತ್ತಿತ್ತು. ಅವನಿಗೆ ತಿಳಿಯಲಿಲ್ಲ. ಅವಳು ಮರೆತಿರಲಿಲ್ಲ. ಅವಳಿಗೆ ಬರುತ್ತಿತ್ತು. ಬರುವುದನ್ನು ಬಾರದ ಹಾಗೆ ಮಾಡಿದ್ದು ಇವನ ಕೈ.

ಅವನು ಗಾಜು ಹೊರಗೆಳೆದ. ಬಟ್ಟೆ ಖಾಲಿ ಬೆಳಕಾಯಿತು. ಮೂಲೆಯ ಚುಕ್ಕೆ ಹುಡುಕಿದ. ಮಗ್ಗುಲು ತಿರುಗಿಸಿದ. ಕಲಿತ ಹಾಗೆ, ಗಾಜನ್ನು ಹೇಗೆ ಹಾಕಬೇಕೋ ಹಾಗೆ, ಹಾಕಿದ.

"ಅವ್ವಾ, ಏಳು. ಈಗ ಓದು."

"ಬ್ಯಾಡ ಕಣ್ಲಾ."

"ಏಳವ್ವಾ. ನೀನು ಮರ್ತಿಲ್ಲ. ನೋಡು."

ಬೈರಮ್ಮ ತಲೆ ಎತ್ತಿದಳು. ಬೆರಳು ತಾನಾಗಿಯೇ ಎದ್ದಿತು. ಈ ಸಲ ನಿಲ್ಲಲಿಲ್ಲ.

"ನೀ" ಎಂದಳು. "ನೀ... ರು. ನೀರು. ಅಯ್ಯೋ ನೀರು ಕಣ್ರಪ್ಪಾ ಅದು!"

ಅವಳ ಹಿಂದೆ ಇನ್ನೊಬ್ಬಳು ಓದಿದಳು. ಚಿನ್ನಪ್ಪ ಓದಿದ. ಕೇರಿಯ ಜನ ಕೂಗಿ ಕೂಗಿ ಓದಿದರು. ಆ ಕಡೆ ಮಕ್ಕಳು ತಡವರಿಸಿದರು, ಸುಮ್ಮನಾದರು. ಆಮೇಲೆ ಪಟೇಲನ ದನಿ.

"ಏನ್ಲಾ ಇದು? ಅಕ್ಸರ ಉಲ್ಟಾ ಆಗೋಯ್ತು!"

ರಾಮಕೃಷ್ಣಪ್ಪ ಮೇಷ್ಟ್ರು ಬಟ್ಟೆಯ ಪಕ್ಕದಿಂದ ತಲೆ ಹಾಕಿದರು. "ಸೊಣ್ಣಪ್ಪ, ಮಗ್ಗುಲು ತಪ್ಪಿದೆ. ತಿರುಗ್ಸು."

"ತಪ್ಪಿಲ್ಲ ಸಾರ್. ಸರಿಯಾಗೈತೆ."

"ಇನ್ಸ್‌ಪೆಕ್ಟರು ನೋಡ್ತಿದ್ದಾರೆ ಕಣೋ. ತಿರುಗ್ಸು."

"ತಿರುಗ್ಸಲ್ಲ ಸಾರ್."

"ನಿನ್ನ ಕಾಲಿಗೆ ಬೀಳ್ಲೇನೋ? ತಿರುಗ್ಸು!"

"ಅವ್ರಿಗೆ ಓದ್ಬೇಕು ಅಂದ್ರೆ ಈ ಕಡೆ ಬಂದು ಕೂತ್ಕೊಳ್ಳಲಿ ಸಾರ್. ಜಾಗ ಐತೆ."

ಆ ಮಾತು ಬಟ್ಟೆ ದಾಟಿ ಹೋಯಿತು. ಮೊದಲ ಕಲ್ಲು ಬಟ್ಟೆಗೆ ಬಡಿಯಿತು. ಆಮೇಲೆ ಪಟೇಲನ ಕಡೆಯ ಗಂಡಸರು ಬಟ್ಟೆಯ ಅಡಿಯಿಂದ ನುಗ್ಗಿದರು. ಅಷ್ಟು ಹೊತ್ತೂ ದಾಟದೆ ಕೂತಿದ್ದ ಗೆರೆಯನ್ನು ಹೊಡೆಯುವುದಕ್ಕಾಗಿ ದಾಟಿದರು. ಯಾರಿಗೂ ಮೈಲಿಗೆಯ ನೆನಪಾಗಲಿಲ್ಲ. ಒಬ್ಬ ಸೊಣ್ಣಪ್ಪನ ಕೂದಲು ಹಿಡಿದ. ಇನ್ನೊಬ್ಬ ಹೊಟ್ಟೆಗೆ ಒದ್ದ. ಅವನು ತಿಪ್ಪೆಯ ಮೇಲೆ ಬಿದ್ದ. ಬಾಯಲ್ಲಿ ಗೊಬ್ಬರ, ರಕ್ತ.

ಯಾರದೋ ಕಾಲು ಲಾಂದ್ರದ ಮಣೆಗೆ ತಗುಲಿತು. ಲಾಂದ್ರ ವಾಲಿತು.

ಬೈರಮ್ಮ ನೋಡಿದಳು. ಒಡೆದರೆ ಹೊಸದು ಮದರಾಸಿನಿಂದ ಬರಬೇಕೆಂದು ಮಗ ಹೇಳಿದ್ದ. ಒಡೆದರೆ ಮಗನ ತಲೆಯ ಮೇಲೆ ಬರುತ್ತದೆ. ಅವಳು ಹಾರಿ ಬಂದು ಎರಡೂ ಅಂಗೈಯಿಂದ ಅದನ್ನು ತಬ್ಬಿ ಹಿಡಿದಳು. ಉರಿಯುವ ದೀಪದ ಮೇಲಿನ ತಗಡು, ಕಾದ ಹಂಚಿನಂತಿತ್ತು. ಚುರ್ ಎಂದ ಸದ್ದು ಹತ್ತಿರದಲ್ಲಿದ್ದವರಿಗೆ ಕೇಳಿಸಿತು. ಅವಳು ಬಿಡಲಿಲ್ಲ. ಮಂಡಿಯೂರಿ ಕೂತು, ಲಾಂದ್ರವನ್ನು ಮೆಲ್ಲಗೆ, ನೆಟ್ಟಗೆ, ನೆಲಕ್ಕೆ ಇಳಿಸಿದಳು. ಕೈ ಬಿಡಿಸಿಕೊಂಡಾಗ ಅಂಗೈಯ ಚರ್ಮ ತಗಡಿಗೆ ಅಂಟಿ ಉಳಿಯಿತು.

"ಒಡೀಲಿಲ್ಲ ಕಣ್ಮಗ" ಎಂದಳು. "ಏನೂ ಆಗಿಲ್ಲ. ಒಡೀಲಿಲ್ಲ."

ಹೊಡೆಯುತ್ತಿದ್ದವರು ನಿಂತರು. ಸುಟ್ಟ ವಾಸನೆ ಅವರನ್ನೂ ಮುಟ್ಟಿತ್ತು. ಒಬ್ಬೊಬ್ಬರಾಗಿ ಹಿಂದಕ್ಕೆ ಹೋದರು.

ಮೇಷ್ಟ್ರು ಬಂದು ನಿಂತು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಇನ್ಸ್‌ಪೆಕ್ಟರು ಆ ಕಡೆಯಿಂದ ಕೂಗಿ ಕರೆದರು. ಹೋಗಿಬಿಟ್ಟರು. ಆ ರಾತ್ರಿ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಹೋಯಿತು. ಬೈರಮ್ಮನ ಕೈಗೆ ಚಿನ್ನಪ್ಪ ಲೋಳೆಸರ ತಂದು ಸವರಿದ. ಅವಳು ಬೆಳಗಿನವರೆಗೂ ನರಳಿದಳು, ನಡುನಡುವೆ ಮಗನ ಬೆನ್ನಿಗೆ ಏಟು ಎಲ್ಲೆಲ್ಲಿ ಬಿದ್ದಿದೆ ಎಂದು ಕೇಳಿದಳು.

ಮರುದಿನದಿಂದ ಪಟೇಲ ಕೇರಿಗೆ ಕೆಲಸ ನಿಲ್ಲಿಸಿದ. ಒಬ್ಬರಿಗಲ್ಲ, ಎಲ್ಲರಿಗೂ. ರಾಗಿ ಕೊಯ್ಲಿನ ಕಾಲ. ಬೇರೆ ಹಳ್ಳಿಯಿಂದ ಆಳು ಬಂದರು. ಕೇರಿಯ ಜನ ಗುಡಿಸಲುಗಳ ಮುಂದೆ ಕೈಕಟ್ಟಿ ಕೂತು, ಬೇರೆಯವರು ಕೊಯ್ಯುವುದನ್ನು ನೋಡಿದರು. ಮಕ್ಕಳು ಹಸಿದು ಅತ್ತವು. ಅಂದು ಕೂಗಿ ಓದಿದವರೇ ಈಗ ಸೊಣ್ಣಪ್ಪ ಎದುರು ಬಂದರೆ ಮುಖ ತಿರುಗಿಸಿದರು.

ಚಿನ್ನಪ್ಪ ಒಂದು ದಿನ ಕೇಳಿಯೇಬಿಟ್ಟ. "ಒಂದ್ ಗಾಜು ಕಣ್ಲಾ. ತಿರುಗ್ಸಕ್ಕೆ ನಿಂಗೇನಾಗಿತ್ತು?"

"ನೀನೂ ಓದ್ದೆ ಮಾವ."

"ಓದ್ದೆ. ಓದಿದ್ದು ಹೊಟ್ಟೆಗಾಯ್ತದಾ?"

ಸೊಣ್ಣಪ್ಪ ಎದ್ದು ತಾಯಿಯ ಕೈಗೆ ಸುತ್ತಿದ್ದ ಬಟ್ಟೆ ಬದಲಿಸಲು ಹೋದ.

ಒಂದು ಬೆಳಿಗ್ಗೆ ರಾಮಕೃಷ್ಣಪ್ಪ ಮೇಷ್ಟ್ರು ಕೇರಿಯ ಹೊರಗೆ ಬಂದು ನಿಂತರು. ಒಳಗೆ ಬರಲಿಲ್ಲ. ಸೊಣ್ಣಪ್ಪನೇ ಹೋದ. ಮೇಷ್ಟ್ರು ಸೊರಗಿದ್ದರು.

"ಹೆಡ್‌ಮಾಸ್ಟರ ಹತ್ತಿರ ಮಾತಾಡಿದೀನಿ. ಇನ್ಸ್‌ಪೆಕ್ಟರೂ ಒಪ್ಪಿದ್ದಾರೆ. ನೀನು ಬೇಕು ಅಂತ ಮಾಡಿದ್ದಾದ್ರೆ ಶಾಲೆಯಿಂದ ತೆಗೀಬೇಕು. ಗೊತ್ತಿಲ್ಲದೆ ಮಾಡಿದ್ದಾದ್ರೆ ತಪ್ಪು ಅಷ್ಟೆ, ಕ್ಷಮಿಸಿ ಪಾಸು ಮಾಡ್ತಾರೆ. ಬಂದು ಒಂದು ಮಾತು ಹೇಳ್ಬಿಡು. ಯಾವ ಮಗ್ಗುಲು ಹಾಕ್ಬೇಕು ಅಂತ ನಂಗೆ ಗೊತ್ತಾಗಲಿಲ್ಲ ಅಂತ."

"ನೀವೇ ಕಲ್ಸಿದ್ದಲ್ವಾ ಸಾರ್?"

"ಹೌದು."

"ನಾನು ಕಲ್ತಿಲ್ಲ ಅಂತ ಹೇಳ್ಬೇಕಾ?"

ಮೇಷ್ಟ್ರು ನೆಲ ನೋಡಿದರು. "ಸಣ್ಣ ಸುಳ್ಳು ಕಣೋ. ಜೀವನ ಉಳೀತದೆ."

ಗುಡಿಸಲಿನೊಳಗಿಂದ ಬೈರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಕೀವು ಒಸರಿ ಬಟ್ಟೆ ಹಳದಿಯಾಗಿತ್ತು. ಮಗ ಒಳಗೆ ಬಂದೊಡನೆ ಹೇಳಿದಳು.

"ಹೇಳ್ಬುಟ್ಟು ಬಾ."

"ಅವ್ವಾ..."

"ನಿನ್ ಕಾಲಿಗ್ ಬೀಳ್ತೀನಿ ಕಣ್ಲಾ. ನಿಮ್ಮಪ್ಪ ಸತ್ತಾಗ್ಲಿಂದ ಈ ಬೆನ್ನು ಬಗ್ಸಿವ್ನಿ. ಯಾತಕ್ಕೆ? ನಮ್ ಕೇರೀಲೂ ಒಬ್ಬ ಮೇಷ್ಟ್ರು ಅನ್ನಿಸ್ಕೊಳ್ಲಿ ಅಂತ. ಗೊತ್ತಿಲ್ಲ ಅಂದ್ರೆ ನಿಂಗೇನ್ ಬಾಯಿ ಸವ್ದೋಯ್ತದಾ? ಹುಟ್ಟಿದಾಗ್ಲಿಂದ ನಾವೆಲ್ಲ ಅದ್ನೇ ಹೇಳ್ಕೊಂಡ್ ಬಂದಿಲ್ವಾ? ಗೊತ್ತಿಲ್ಲ ಸಾಮಿ, ಗೊತ್ತಿಲ್ಲ ಸಾಮಿ ಅಂತ?"

"ಆಯ್ತವ್ವ" ಎಂದ. "ಹೇಳ್ಬುಟ್ಟು ಬತ್ತೀನಿ."

ಶಾಲೆಗೆ ನಡೆದುಕೊಂಡು ಹೋದ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೇಳಿಕೊಂಡ. ನಂಗೆ ಗೊತ್ತಾಗಲಿಲ್ಲ ಸಾರ್. ಗೊತ್ತಾಗಲಿಲ್ಲ ಸಾರ್. ರಾಯಕೋಟೆ ದಾಟುವ ಹೊತ್ತಿಗೆ ಅದು ಸಲೀಸಾಗಿ ಬರುತ್ತಿತ್ತು.

ಹೆಡ್‌ಮಾಸ್ಟರು ತಮಿಳಿನವರು. ಕೆಟ್ಟ ಮನುಷ್ಯರೇನಲ್ಲ. ಬೇಗ ಮುಗಿಸಿ ಊಟಕ್ಕೆ ಹೋಗಬೇಕಿತ್ತು. ಮೇಜಿನ ಪಕ್ಕ ಇನ್ಸ್‌ಪೆಕ್ಟರು. ಕಿಟಕಿಯ ಹತ್ತಿರ ರಾಮಕೃಷ್ಣಪ್ಪ ಮೇಷ್ಟ್ರು. ಸೊಣ್ಣಪ್ಪ ಬಾಗಿಲ ಹೊರಗೆ.

"ತೆರಿಯಲೇನ್ನು ಸೊಲ್ಲು, ಅವ್ವಳವುದಾನ್" ಎಂದರು ಹೆಡ್‌ಮಾಸ್ಟರು. ಗೊತ್ತಿರಲಿಲ್ಲ ಅಂದುಬಿಡು, ಅಷ್ಟೇ.

ಸೊಣ್ಣಪ್ಪ ಬಾಯಿ ತೆರೆದ. ಮಾತು ನಾಲಗೆಯ ತುದಿಯಲ್ಲೇ ಇತ್ತು. ಆಗ ಅವ್ವನ ಮುಖ ಕಣ್ಣ ಮುಂದೆ ಬಂತು. ಕೈ ಸುಟ್ಟುಕೊಂಡ ಹೊತ್ತಿನದಲ್ಲ. ಅದಕ್ಕೂ ಮೊದಲಿನದು. ಮರ್ತೋಗ್ಬುಟ್ಟೈತೆ ಕಣ್ಮಗ ಎಂದು ನಾಚಿಕೊಂಡು ಕೂತ ಮುಖ. ಗೊತ್ತಿದ್ದೂ ಗೊತ್ತಿಲ್ಲವೆಂದು ನಂಬಿದ ಮುಖ.

"ಗೊತ್ತಿತ್ತು ಸಾರ್" ಎಂದ.

ಹೆಡ್‌ಮಾಸ್ಟರು ತಲೆ ಎತ್ತಿದರು.

"ಯಾವ ಮಗ್ಗುಲು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ಚೆನ್ನಾಗಿ ಕಲ್ಸವ್ರೆ. ಗೊತ್ತಿದ್ದೇ ಹಾಕ್ದೆ."

ರಾಮಕೃಷ್ಣಪ್ಪ ಮೇಷ್ಟ್ರು ಕಿಟಕಿಯಾಚೆ ನೋಡುತ್ತ ನಿಂತಿದ್ದರು. ತಿರುಗಲಿಲ್ಲ. ಜವಾನ ಬಂದು ಸೊಣ್ಣಪ್ಪನ ತಟ್ಟೆ, ಕಂಬಳಿಗಳನ್ನು ಸೌದೆ ಕೊಟ್ಟಿಗೆಯಿಂದ ತಂದು ಗೇಟಿನ ಹೊರಗಿಟ್ಟ.

ಊರು ಮುಟ್ಟಿದಾಗ ಬೈರಮ್ಮ ಬಾಗಿಲಲ್ಲಿ ಕೂತಿದ್ದಳು. ಅವನ ಕಂಕುಳಲ್ಲಿ ಕಂಬಳಿ ಕಂಡಳು. ಗೋಡೆಯ ಕಡೆ ತಿರುಗಿ ಮಲಗಿದಳು. ಮುದ್ದೆ ಮಾಡಿ ಬಾಯಿಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ಮಾರನೆಯ ದಿನ ತೆರೆದಳು. ಮಾತು ಮಾತ್ರ ಆಡಲಿಲ್ಲ.

ಸೊಣ್ಣಪ್ಪ ಹೊಸೂರು ರಸ್ತೆಗೆ ಜಲ್ಲಿ ಒಡೆಯುವ ಕೆಲಸಕ್ಕೆ ಸೇರಿದ. ಬೆಳಿಗ್ಗೆ ತಾಯಿಗೆ ಉಣ್ಣಿಸಿ, ಮುಖ ತೊಳೆಸಿ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಉಣ್ಣಿಸುತ್ತಿದ್ದ. ಬೈರಮ್ಮನ ಕೈ ಮಾಯಿತು, ಆದರೆ ನೆಟ್ಟಗೆ ಮಾಯಲಿಲ್ಲ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಒಳಕ್ಕೆ ಮುದುರಿದವು. ಎಡಗೈ ಹೊರಗೆ ಒಣಗಿ ಒಳಗೆ ಕೊಳೆಯುತ್ತಿತ್ತು. ಕುಡುಗೋಲು ಹಿಡಿದ ಕೈ, ಮಂಕರಿ ಎತ್ತಿದ ಕೈ. ಈಗ ತಲೆಯ ಸೀರು ತೆಗೆದುಕೊಳ್ಳಲೂ ಬಾರದು. ಮಡಿಲಲ್ಲಿ ಆ ಕೈಗಳನ್ನಿಟ್ಟುಕೊಂಡು ಯಾರದೋ ಕೂಸನ್ನು ನೋಡುವ ಹಾಗೆ ನೋಡುತ್ತ ಕೂರುತ್ತಿದ್ದಳು.

ಎಡಗೈ ಊದಿಕೊಂಡು ಜ್ವರ ಬಂದಾಗ ಅವನು ಅವಳನ್ನು ಬೆನ್ನ ಮೇಲೆ ಹೊತ್ತು ಪೇಟೆಯ ದವಾಖಾನೆಗೆ ಹೋದ. ಊರಲ್ಲಿ ಗಾಡಿ ಕೇಳಿದ್ದ, ಯಾರೂ ಕೊಡಲಿಲ್ಲ. ಕಲ್ಲಿನ ಧೂಳು ಅವನ ರೆಪ್ಪೆಯ ಮೇಲೂ ಇತ್ತು. ಜಗಲಿಯ ಕೆಳಗೆ ಕೂರಿಸಿದ. ಕಾಂಪೌಂಡರು ಬಂದು ಕೈ ನೋಡಿ ಮುಖ ಸಿಂಡರಿಸಿದ.

"ಏನ್ ಕೆಲ್ಸ ಮಾಡ್ತೀಯ?"

"ಏನೂ ಇಲ್ಲ ಸಾಮಿ, ಈಗ."

"ನೋಡ್ಕೊಳ್ಳೋರು?"

"ಮಗ ಅವ್ನೆ ಸಾಮಿ."

"ಮಗ ಏನ್ ಮಾಡ್ತಾನೆ?"

ಬೈರಮ್ಮ ತಡವರಿಸಲಿಲ್ಲ. "ಮೇಷ್ಟ್ರು" ಎಂದಳು.

ಕಾಂಪೌಂಡರು ಧೂಳು ಮೆತ್ತಿದ ಸೊಣ್ಣಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಯಾರು? ಇವನಾ?"

"ಹೂಂ ಸಾಮಿ. ಇವ್ನೇ."

ಕಾಂಪೌಂಡರು ನಕ್ಕು ಒಳಗೆ ಹೋದ. ಒಂದಿಷ್ಟು ಮುಲಾಮು ಎಲೆಯ ಮೇಲೆ ಹಾಕಿ ದೂರದಿಂದ ನೂಕಿದ. ತಡ ಮಾಡಿ ತಂದಿದ್ದೀರಿ, ದೊಡ್ಡಾಸ್ಪತ್ರೆಗೆ ಒಯ್ಯಬೇಕು ಎಂದ. ದೊಡ್ಡಾಸ್ಪತ್ರೆ ಎಷ್ಟು ದೂರವೆಂದು ಇಬ್ಬರಿಗೂ ಗೊತ್ತಿತ್ತು.

ವಾಪಸು ಬರುವಾಗ ಬಿಸಿಲಿತ್ತು. ಬೈರಮ್ಮ ಅವನ ಬೆನ್ನ ಮೇಲೆ ಬಿಸಿ ಮೂಟೆಯಂತೆ ಇದ್ದಳು. ಬಹಳ ದೂರ ನಡೆದ ಮೇಲೆ ಅವನು ಕೇಳಿದ.

"ಅವ್ವಾ, ಹಂಗ್ಯಾಕೆ ಹೇಳ್ದೆ?"

ಮಲಗಿದಳೇನೋ ಎಂದುಕೊಂಡ. ಅಷ್ಟರಲ್ಲಿ ಅವಳ ಉಸಿರು ಅವನ ಕಿವಿಗೆ ತಗುಲಿತು.

"ಇನ್ನೇನ್ ಹೇಳ್ಲಿ?" ಎಂದಳು. "ಇಷ್ಟ್ ದಿನ ಎಲ್ರಿಗೂ ಅದ್ನೇ ಹೇಳ್ಕೊಂಡಿದ್ದೆ. ಬ್ಯಾರೆ ಮಾತು ನಂಗೆ ಬರಕಿಲ್ಲ."

"ನನ್ ಮ್ಯಾಲೆ ಸಿಟ್ಟಾ ಅವ್ವಾ?"

"ಹೂಂ" ಎಂದಳು ಬೈರಮ್ಮ. "ಹೊಟ್ಟೆ ಉರೀತದೆ ಕಣ್ಲಾ."

ಹಾಗೆಂದು ಅವನ ಕತ್ತಿನ ಮೇಲೆ ಕೆನ್ನೆ ಇಟ್ಟಳು. ಕೆನ್ನೆ ಒದ್ದೆಯಾಗಿತ್ತು. ಅವನು ಅವಳನ್ನು ಬೆನ್ನ ಮೇಲೆ ಒಮ್ಮೆ ಎತ್ತಿ ಸರಿಮಾಡಿಕೊಂಡು ನಡೆದ. ನಡೆಯುತ್ತಲೇ ಅತ್ತ. ಕೈ ಎರಡೂ ಹಿಂದಕ್ಕೆ ಅವಳನ್ನು ಹಿಡಿದಿದ್ದವು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ.